ಸುಲಿಯುವ ಯಂತ್ರದ ಗೇರ್ ಒಂದೇ ಸುಗ್ಗಿಗೆ ಸವೆದದ್ದೇಕೆ?

ಪ್ರಶ್ನೆ: ನಾವು ಶಿರಸಿ ತಾಲೂಕಿನ ತೋಟಿಗರು. ಅಡಿಕೆ ಸುಲಿಯುವ ಯಂತ್ರದ ದೊಡ್ಡ ಗೇರಿನ ಎರಡು ಹಲ್ಲು ಮುರಿದವು. ಬಿಡಿಭಾಗ ಸಿಗಲಿಲ್ಲ. ಹಳೆಯದನ್ನೇ ಮಾದರಿಗೆ ಕೊಟ್ಟು ಲೇತ್ ಅಂಗಡಿಯಲ್ಲಿ ಹೊಸದು ಮಾಡಿಸಿದೆವು. ಹಾಕಿದ ದಿನದಿಂದಲೇ ಕಿರುಗುಟ್ಟುತ್ತಿತ್ತು. ಚಾಲಿ (ಒಣಗಿಸಿದ ಹಣ್ಣಡಿಕೆ) ಸುಲಿದು ಮುಗಿಯುವ ಹೊತ್ತಿಗೆ ಹಲ್ಲು ತೆಳ್ಳಗಾಗಿ ತುದಿ ಚೂಪಾಗಿದೆ. ಜೋಡಿಯ ಸಣ್ಣ ಗೇರಿನ ಹಲ್ಲಿನ ಬುಡದಲ್ಲೂ ಕೊರೆದ ಗುರುತಿದೆ. ದೊಡ್ಡದಕ್ಕೆ 32 ಹಲ್ಲು, ಹೊರವ್ಯಾಸ 102 ಮಿ.ಮೀ., ಅಗಲ 25, ಶಾಫ್ಟ್ 25. ಸಣ್ಣದಕ್ಕೆ 18 ಹಲ್ಲು. ಕಂಪನಿಯವರು ಗೇರನ್ನು ಹೇಗೆ ಮಾಡುತ್ತಾರೆ? ನಾವು ಮಾಡಿಸುವಾಗ ಏನು ಹೇಳಬೇಕು?

ಉತ್ತರ: ನಿಮ್ಮ ಗೇರಿನಲ್ಲಿ ಎರಡು ತಪ್ಪುಗಳಿವೆ, ಎರಡಕ್ಕೂ ಕಾರಣ ಬೇರೆ. ಹಾಕಿದ ದಿನವೇ ಕಿರುಗುಟ್ಟಿತು ಅಂದರೆ ಹಲ್ಲಿನ ಆಕಾರ ಸರಿಯಿಲ್ಲ. ಒಂದು ಸುಗ್ಗಿಯೊಳಗೆ ತೆಳ್ಳಗಾಯಿತು ಅಂದರೆ ಉಕ್ಕು ಮೆತ್ತಗಿನದು, ಕಾಸಿ ತಣಿಸಿ ಗಟ್ಟಿ ಮಾಡುವ ಹದ ಹಾಕಿಲ್ಲ. ಇದನ್ನು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ‘ಈ ಸಲ ಗಟ್ಟಿ ಉಕ್ಕಿನಲ್ಲಿ ಮಾಡಿಕೊಡಿ’ ಎಂದಷ್ಟೇ ಹೇಳಿ ಬಂದರೆ, ಆಕಾರ ತಪ್ಪಿದ ಗಟ್ಟಿ ಗೇರ್ ತಯಾರಾಗುತ್ತದೆ. ಅದು ತಾನು ಸವೆಯದೆ ಸಣ್ಣ ಗೇರನ್ನು ತಿಂದು ಹಾಕುತ್ತದೆ. ಬುಡದಲ್ಲಿ ಕೊರೆದ ಗುರುತು ಆಗಲೇ ಬಿದ್ದಿರುವುದರಿಂದ ಮುಂದಿನ ಸಲ ಎರಡನ್ನೂ ಜೋಡಿಯಾಗಿಯೇ ಮಾಡಿಸಿ.

ಮೊದಲು ಲೆಕ್ಕ. ಗೇರಿನ ಹಲ್ಲಿನ ಗಾತ್ರವನ್ನು ಮಾಡ್ಯೂಲ್‌ನಲ್ಲಿ ಹೇಳುತ್ತಾರೆ. ಸಾಮಾನ್ಯ ನೇರ ಹಲ್ಲಿನ ಗೇರಿನಲ್ಲಿ ಹೊರವ್ಯಾಸವನ್ನು ‘ಹಲ್ಲಿನ ಸಂಖ್ಯೆ ಜೊತೆಗೆ 2’ರಿಂದ ಭಾಗಿಸಿದರೆ ಮಾಡ್ಯೂಲ್ ಸಿಗುತ್ತದೆ. ನಿಮ್ಮದು 102 ಭಾಗಿಸು 34, ಅಂದರೆ 3. ಜೋಡಿ ಗೇರುಗಳು ಒಂದಕ್ಕೊಂದು ತಾಗಿ ಉರುಳುವ ಕಲ್ಪಿತ ವೃತ್ತದ ವ್ಯಾಸವೇ ಪಿಚ್ ವ್ಯಾಸ, ಅದು 32 ಗುಣಿಸು 3, ಅಂದರೆ 96 ಮಿ.ಮೀ. ಹಲ್ಲಿನ ಪೂರ್ತಿ ಆಳ ಮಾಡ್ಯೂಲ್‌ನ 2.25 ಪಟ್ಟು, 6.75 ಮಿ.ಮೀ. 18 ಹಲ್ಲಿನ ಪಿನಿಯನ್ನಿನ, ಅಂದರೆ ಸಣ್ಣ ಗೇರಿನ, ಪಿಚ್ ವ್ಯಾಸ 54, ಹೊರವ್ಯಾಸ 60 ಬರಬೇಕು. ಎರಡು ಶಾಫ್ಟ್‌ಗಳ ನಡುವಿನ ದೂರ 96 ಮತ್ತು 54ರ ಮೊತ್ತದ ಅರ್ಧ, 75 ಮಿ.ಮೀ. ಯಂತ್ರದ ಚೌಕಟ್ಟಿನಲ್ಲಿ ಈ ದೂರವನ್ನು ಅಳೆದು ನೋಡಿ. 75ಕ್ಕೆ ಹೊಂದಿದರೆ ಮೇಲಿನ ಲೆಕ್ಕವೆಲ್ಲ ಸರಿ. ಹೊಂದದಿದ್ದರೆ ಹಳೆಯ ಗೇರ್ ಇಂಚಿನ ಲೆಕ್ಕದ್ದೋ ತಿದ್ದಿದ ಹಲ್ಲಿನದೋ ಇರಬೇಕು.

ಇಂಚಿನ ಲೆಕ್ಕದಲ್ಲಿ ಹಲ್ಲಿನ ಗಾತ್ರವನ್ನು ಡಿ.ಪಿ. ಎನ್ನುತ್ತಾರೆ. 25.4ನ್ನು ಡಿ.ಪಿ.ಯಿಂದ ಭಾಗಿಸಿದರೆ ಮಾಡ್ಯೂಲ್. 8 ಡಿ.ಪಿ. ಎಂದರೆ 3.175 ಮಾಡ್ಯೂಲ್. ಕಣ್ಣಿಗೆ 3 ಮಾಡ್ಯೂಲ್ ಹಲ್ಲಿಗೂ 8 ಡಿ.ಪಿ. ಹಲ್ಲಿಗೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಅದರ ಮೇಲೆ ಒತ್ತುಕೋನದ, ಅಂದರೆ ಹಲ್ಲು ಹಲ್ಲನ್ನು ತಳ್ಳುವ ಓರೆಯ, ಗೊಂದಲವೂ ಇದೆ. ಈಗಿನ ಗೇರುಗಳಲ್ಲಿ ಒತ್ತುಕೋನ 20 ಡಿಗ್ರಿ, ಹಳೆಯ ಇಂಚಿನ ಕಟರ್‌ಗಳಲ್ಲಿ ಹಲವು ಹದಿನಾಲ್ಕೂವರೆ ಡಿಗ್ರಿಯವು. ಸಣ್ಣ ಊರಿನ ಅಂಗಡಿಗಳಲ್ಲಿ ಹಳೆಯ ಕಟರ್‌ಗಳು ಇನ್ನೂ ಪೆಟ್ಟಿಗೆಯಲ್ಲಿರುತ್ತವೆ. ಕೈಗೆ ಸಿಕ್ಕ ಹತ್ತಿರದ ಕಟರ್ ಹಾಕಿ ಹಲ್ಲು ತೆಗೆದರೆ ಗೇರ್ ಜೋಡಿಗೆ ಕೂರುತ್ತದೆ, ತಿರುಗುತ್ತದೆ, ಆದರೆ ಕೂಗುತ್ತದೆ.

ಇದನ್ನು ಪತ್ತೆಮಾಡಲು ಒಂದು ವರ್ನಿಯರ್ ಸಾಕು. ವರ್ನಿಯರಿನ ಎರಡು ದವಡೆಗಳನ್ನು ಗೇರಿನ ಹಲ್ಲುಗಳ ಪಕ್ಕಕ್ಕೆ ತಾಗಿಸಿ, ನಡುವೆ 4 ಹಲ್ಲು ಬರುವಂತೆ ಹಿಡಿದು ಅಳೆಯಿರಿ. ದವಡೆ ಹಲ್ಲಿನ ತುದಿಗೆ ತಾಗಬಾರದು, ಪಕ್ಕದ ಬಾಗಿನ ಮಧ್ಯಕ್ಕೆ ಒರಗಬೇಕು. ಆಮೇಲೆ 3 ಹಲ್ಲು ಹಿಡಿದು ಅಳೆಯಿರಿ. 3 ಮಾಡ್ಯೂಲ್, 20 ಡಿಗ್ರಿ, 32 ಹಲ್ಲಿನ ಗೇರಿನಲ್ಲಿ 4 ಹಲ್ಲಿಗೆ 32.34 ಮಿ.ಮೀ., 3 ಹಲ್ಲಿಗೆ 23.49 ಬರಬೇಕು, ಮೆಶ್‌ನಲ್ಲಿ (ಹಲ್ಲುಗಳು ಹೆಣೆದುಕೊಳ್ಳುವಲ್ಲಿ) ಸಡಿಲ ಇರಲೆಂದು ಇದಕ್ಕಿಂತ ತುಸು ಕಡಿಮೆ ಇಟ್ಟಿರುತ್ತಾರೆ. ಮುಖ್ಯವಾದದ್ದು ಎರಡು ಅಳತೆಗಳ ವ್ಯತ್ಯಾಸ. 3 ಮಾಡ್ಯೂಲ್ 20 ಡಿಗ್ರಿಗೆ ಅದು 8.86 ಮಿ.ಮೀ. 3 ಮಾಡ್ಯೂಲ್ ಹದಿನಾಲ್ಕೂವರೆ ಡಿಗ್ರಿಗೆ 9.12. 8 ಡಿ.ಪಿ. 20 ಡಿಗ್ರಿಗೆ 9.37. 8 ಡಿ.ಪಿ. ಹದಿನಾಲ್ಕೂವರೆ ಡಿಗ್ರಿಗೆ 9.66. ಹಲ್ಲು ಒಂದೇ ಸಮ ಸವೆದಿದ್ದರೆ ಎರಡೂ ಅಳತೆ ಒಂದೇ ಪ್ರಮಾಣದಲ್ಲಿ ಇಳಿಯುವುದರಿಂದ ವ್ಯತ್ಯಾಸ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಹಳೆಯ ಗೇರಿನಲ್ಲೂ ಈ ವಿಧಾನ ನಡೆಯುತ್ತದೆ. ಅಳೆಯಲು ಹಲ್ಲಿನ ಅಗಲದ ಅಂಚು ಒಳ್ಳೆಯದು: ಜೋಡಿಯ ಗೇರ್ ತಾಗದೆ ಉಳಿದ ಒಂದೆರಡು ಮಿ.ಮೀ. ಪಟ್ಟಿ ಅಲ್ಲಿರುತ್ತದೆ, ಸವೆಯದ ಮೂಲ ಆಕಾರ ಅದೇ.

ಕಂಪನಿಯ ಹಳೆ ಗೇರಿನಲ್ಲಿ 8.86 ಬಂದು, ಅಂಗಡಿಯಲ್ಲಿ ಮಾಡಿಸಿದ್ದರಲ್ಲಿ 9.12 ಬಂದರೆ ಕೂಗಿಗೆ ಕಾರಣ ಸಿಕ್ಕಿತು. ಪ್ರತಿ ಹಲ್ಲೂ ಕಾಲು ಮಿ.ಮೀ. ತಪ್ಪಿ ಜೋಡಿಗೆ ಬಡಿಯುತ್ತದೆ. ದೊಡ್ಡ ಗೇರಿನ ಹಲ್ಲಿನ ತುದಿ ಪಿನಿಯನ್ ಹಲ್ಲಿನ ಬುಡವನ್ನು ಕೊರೆಯುತ್ತದೆ. ನೀವು ನೋಡಿದ ಗುರುತು ಇಂಥದ್ದೇ ಎಂದು ನನ್ನ ಊಹೆ.

ಇನ್ನು ಗೇರ್ ಮಾಡುವ ಕ್ರಮ. ಈಗ ಬಳಕೆಯಲ್ಲಿರುವ ಗೇರುಗಳ ಹಲ್ಲಿನ ಪಕ್ಕ ಬಹುಪಾಲು ಇನ್ವೊಲ್ಯೂಟ್ ಎಂಬ ಬಾಗು. ದುಂಡು ಡಬ್ಬಿಗೆ ಸುತ್ತಿದ ದಾರವನ್ನು ಬಿಗಿಯಾಗಿ ಹಿಡಿದು ಬಿಚ್ಚುತ್ತಾ ಹೋದರೆ ದಾರದ ತುದಿ ಎಳೆಯುವ ಗೆರೆಯೇ ಆ ಬಾಗು. ಶಾಫ್ಟ್‌ಗಳ ದೂರ ಸ್ವಲ್ಪ ಹೆಚ್ಚುಕಡಿಮೆ ಆದರೂ ಈ ಆಕಾರದ ಹಲ್ಲುಗಳು ಒಂದೇ ವೇಗದಲ್ಲಿ ಸರಾಗವಾಗಿ ತಳ್ಳುತ್ತವೆ. ಹಲ್ಲಿನ ಸಂಖ್ಯೆ ಬದಲಾದಂತೆ ಬಾಗು ಬದಲಾಗುತ್ತದೆ. 18 ಹಲ್ಲಿನ ಗೇರಿನ ಪಕ್ಕ ಹೆಚ್ಚು ಉಬ್ಬು, 100 ಹಲ್ಲಿನದು ಹೆಚ್ಚುಕಡಿಮೆ ನೇರ. ಮಾದರಿ ನೋಡಿ ಕೈಯಲ್ಲಿ ತಿಕ್ಕಿದ ಕಟರ್‌ನಿಂದ ಗೇರ್ ಸರಿಯಾಗಿ ಬರುವುದಿಲ್ಲ ಎನ್ನುವುದು ಇದಕ್ಕೇ, ಅದರಲ್ಲೂ ಮಾದರಿಯೇ ಸವೆದಿದ್ದಾಗ.

ಮಿಲ್ಲಿಂಗ್ ಯಂತ್ರದಲ್ಲಿ ಒಂದೊಂದೇ ಸಂದು ತೆಗೆಯುವುದು ಹಳೆಯ ವಿಧಾನ. ಬ್ಲಾಂಕನ್ನು (ಹಲ್ಲು ತೆಗೆಯದ ದುಂಡು ಬಿಲ್ಲೆಯನ್ನು) ಡಿವೈಡಿಂಗ್ ಹೆಡ್ ಎಂಬ, ಸುತ್ತನ್ನು ಸಮಭಾಗ ಮಾಡುವ ಸಾಧನಕ್ಕೆ ಕಟ್ಟಿ, ಒಂದು ಸಂದು ಕಡಿದು, ಹಿಡಿಕೆ ತಿರುಗಿಸಿ ಮುಂದಿನದಕ್ಕೆ ಹೋಗಬೇಕು. ಹೆಡ್ 40ಕ್ಕೆ 1 ಆಗಿದ್ದರೆ (ಹಿಡಿಕೆ 40 ಸುತ್ತಿಗೆ ಬ್ಲಾಂಕ್ 1 ಸುತ್ತು) 32 ಹಲ್ಲಿಗೆ ಪ್ರತಿ ಸಲ ಒಂದೂಕಾಲು ಸುತ್ತು: ಒಂದು ಪೂರ್ತಿ ಸುತ್ತು, 16 ತೂತಿನ ವೃತ್ತದಲ್ಲಿ ಮತ್ತೆ 4 ತೂತು. ಹಿಡಿಕೆಯನ್ನು ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಬೇಕು. ತೂತು ದಾಟಿ ಹೋಗಿದ್ದರೆ ಅರ್ಧ ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬರಬೇಕು. ಇಲ್ಲವಾದರೆ ಹೆಡ್ಡಿನೊಳಗಿನ ಸಡಿಲದಿಂದ ಒಂದು ಹಲ್ಲು ದಪ್ಪ, ಪಕ್ಕದ್ದು ತೆಳು ಆಗುತ್ತದೆ.

ಕಟರ್ ಆರಿಸುವಲ್ಲಿ ಒಂದು ಹೊಂಡವಿದೆ. ಒಂದು ಮಾಡ್ಯೂಲ್‌ಗೆ 8 ಕಟರ್‌ಗಳ ಸೆಟ್ ಇರುತ್ತದೆ, ಒಂದೊಂದು ಕಟರ್ ಕೆಲವು ಹಲ್ಲಿನ ಸಂಖ್ಯೆಗಳಿಗೆ. 26ರಿಂದ 34 ಹಲ್ಲಿನ ಕಟರ್‌ಗೆ ಡಿ.ಪಿ. ಸೆಟ್‌ನಲ್ಲಿ ನಂಬರ್ 4. ಮಾಡ್ಯೂಲ್ ಸೆಟ್‌ನಲ್ಲಿ ಎಣಿಕೆ ಸಾಮಾನ್ಯವಾಗಿ ತಿರುವುಮುರುವು, ಅದಕ್ಕೇ ನಂಬರ್ 5. ಅಲ್ಲಿ 4 ಎಂದರೆ 21ರಿಂದ 25 ಹಲ್ಲಿನದು. ನಂಬರ್ ನೆನಪಿನ ಮೇಲೆ ಹೋಗದೆ ಕಟರ್ ಮೈಮೇಲೆ ಕೆತ್ತಿದ ಹಲ್ಲಿನ ವ್ಯಾಪ್ತಿಯನ್ನೇ ಓದಬೇಕು. ಸರಿಯಾದ ಕಟರ್ ಹಾಕಿದರೂ ಅದರ ಆಕಾರ ವ್ಯಾಪ್ತಿಯ ಅತಿ ಸಣ್ಣ ಸಂಖ್ಯೆಗೆ, ಇಲ್ಲಿ 26ಕ್ಕೆ, ಮಾತ್ರ ಕರಾರುವಾಕ್ಕು. 32ಕ್ಕೆ ತುದಿ ಕೊಂಚ ಹೆಚ್ಚು ತೆಳುವಾಗುತ್ತದೆ, ಅದು ದೋಷವೇನಲ್ಲ. ನಿಧಾನವಾಗಿ ತಿರುಗುವ ಗೇರಿಗೆ ಈ ವಿಧಾನ ಸಾಕು.

ಕಂಪನಿಯವರು ಮಾಡುವುದು ಹಾಬಿಂಗ್. ಹಾಬ್ ಎಂದರೆ ಸ್ಕ್ರೂ ಆಕಾರದ ಕಟರ್, ಅದರ ಹಲ್ಲುಗಳ ಪಕ್ಕ ನೇರ. ಹಾಬ್ ಒಂದು ಸುತ್ತು ತಿರುಗುವಷ್ಟರಲ್ಲಿ ಬ್ಲಾಂಕ್ ಒಂದು ಹಲ್ಲಿನಷ್ಟು ತಿರುಗುವಂತೆ ಯಂತ್ರದ ಒಳಗೆ ಎರಡನ್ನೂ ಗೇರುಗಳಿಂದ ಕಟ್ಟಿರುತ್ತಾರೆ. ನಿಮ್ಮ ಗೇರಿಗೆ ಹಾಬ್ 32 ಸುತ್ತಿಗೆ ಬ್ಲಾಂಕ್ 1 ಸುತ್ತು. ನೇರ ಪಕ್ಕದ ಕಟರ್ ಮತ್ತು ತಿರುಗುವ ಬ್ಲಾಂಕ್ ಸೇರಿ ಇನ್ವೊಲ್ಯೂಟ್ ಬಾಗನ್ನು ತಾವೇ ಹುಟ್ಟಿಸುತ್ತವೆ. ಅದಕ್ಕೇ 3 ಮಾಡ್ಯೂಲ್‌ನ ಒಂದೇ ಹಾಬ್‌ನಿಂದ 18 ಹಲ್ಲನ್ನೂ 32 ಹಲ್ಲನ್ನೂ 90 ಹಲ್ಲನ್ನೂ ಸರಿಯಾದ ಆಕಾರದಲ್ಲಿ ತೆಗೆಯಬಹುದು. ಈ ಗುಣಕ್ಕಾಗಿಯೇ, ಆಗುವಷ್ಟು ಮಟ್ಟಿಗೆ, ಹಾಬಿಂಗ್ ಇರುವಲ್ಲೇ ಮಾಡಿಸಿ. ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್ ಕಡೆ ವಿಚಾರಿಸಿ. ಶಿರಸಿಯ ಟರ್ನರ್ ಹತ್ತಿರ ಬ್ಲಾಂಕ್ ಮಾಡಿಸಿ, ಹಲ್ಲಿಗೆ ಮಾತ್ರ ಅಲ್ಲಿಗೆ ಕಳಿಸುವುದೂ ಆಗುವ ಮಾತು.

ಹಾಗೆ ಮಾಡುವುದಾದರೆ ಬ್ಲಾಂಕ್ ಚೊಕ್ಕಟವಾಗಿರಬೇಕು. ಹಾಬಿಂಗ್ ಯಂತ್ರ ಬೋರನ್ನು (ನಡುವಿನ ತೂತನ್ನು) ನಂಬಿ ಹಲ್ಲು ಕಡಿಯುತ್ತದೆ. ಬೋರ್, ಒಂದು ಮುಖ ಮತ್ತು ಹೊರವ್ಯಾಸವನ್ನು ಒಂದೇ ಸೆಟ್ಟಿಂಗ್‌ನಲ್ಲಿ ತಿರುವಬೇಕು. ಮುಖದ ಓಟ (ತಿರುಗುವಾಗಿನ ಓಲಾಟ) ಡಯಲ್‌ನಲ್ಲಿ 0.02 ಮಿ.ಮೀ. ಮೀರಬಾರದು. ಬೋರಿಗೂ ಅದರೊಳಗೆ ಕೂರುವ ಮ್ಯಾಂಡ್ರಲ್ ದಂಡಕ್ಕೂ ನಡುವೆ 0.1 ಮಿ.ಮೀ. ಸಡಿಲ ಇದ್ದರೆ ಹಲ್ಲಿನ ವೃತ್ತ ಅರ್ಧ ಅಷ್ಟು ಪಕ್ಕಕ್ಕೆ ಸರಿದು ಕೂರಬಹುದು. ಆಗ ಗೇರ್ ಪ್ರತಿ ಸುತ್ತಿಗೆ ಒಮ್ಮೆ ಬಿಗಿ, ಒಮ್ಮೆ ಸಡಿಲವಾಗಿ ‘ವೊಂಯ್, ವೊಂಯ್’ ಎನ್ನುತ್ತದೆ. ಸಮನಾದ ಕಿರುಗುಟ್ಟುವಿಕೆ ಆಕಾರದ ತಪ್ಪು, ಏರಿಳಿಯುವ ಸದ್ದು ಬೋರಿನ ತಪ್ಪು.

3 ಮಾಡ್ಯೂಲ್‌ನ 70 ಮಿ.ಮೀ. ವ್ಯಾಸದ ಹೈಸ್ಪೀಡ್ ಉಕ್ಕಿನ ಹಾಬ್ ನಿಮಿಷಕ್ಕೆ ಸುಮಾರು 160 ಸುತ್ತು ತಿರುಗಿದರೆ ಬ್ಲಾಂಕ್ 5 ಸುತ್ತು ತಿರುಗುತ್ತದೆ. ಬ್ಲಾಂಕಿನ ಪ್ರತಿ ಸುತ್ತಿಗೆ ಹಾಬ್ 2 ಮಿ.ಮೀ. ಇಳಿಯುತ್ತದೆ. 25 ಮಿ.ಮೀ. ಅಗಲಕ್ಕೆ ಪ್ರವೇಶದ ದೂರ ಸೇರಿ ಸುಮಾರು 50 ಮಿ.ಮೀ. ಇಳಿಯಬೇಕು, ಒಂದು ಸಲಕ್ಕೆ ಐದು ನಿಮಿಷದ ಕೆಲಸ. ಹೊತ್ತು ಹೋಗುವುದೆಲ್ಲ ಸೆಟ್ಟಿಂಗ್‌ಗೆ. ಹಾಬ್‌ಗೂ ಬ್ಲಾಂಕಿಗೂ ಸುತ್ತಿನ ಲೆಕ್ಕ ಹೊಂದಿಸುವ ಚೇಂಜ್ ಗೇರ್ ತಪ್ಪಿದರೆ 32ರ ಬದಲು 31 ಅಥವಾ 33 ಹಲ್ಲು ಬೀಳುತ್ತದೆ. ಹಾಗಾಗಿ ಮೊದಲು ಬ್ಲಾಂಕ್ ಮೈಮೇಲೆ ಕೂದಲೆಳೆಯಷ್ಟು ಗೀರು ಹಾಕಿ, ಗೀರು ಎಣಿಸಿ, ಆಮೇಲೆ ಆಳಕ್ಕೆ ಹೋಗಬೇಕು. ಕೊನೆಯ ಆಳವನ್ನು 4 ಹಲ್ಲಿನ ಅಳತೆಯಿಂದಲೇ ನಿರ್ಧರಿಸುವುದು. ಅಳತೆ 0.1 ಮಿ.ಮೀ. ಹೆಚ್ಚಿದ್ದರೆ ಹಾಬನ್ನು ಸುಮಾರು 0.15 ಒಳಗೆ ಕೊಡಬೇಕು. ನಿಮ್ಮ ಗೇರಿಗೆ 32.24ರಿಂದ 32.28ರ ನಡುವೆ ನಿಲ್ಲಿಸಿದರೆ ಮೆಶ್‌ಗೆ ಬೇಕಾದ ಸಡಿಲ ಸಿಗುತ್ತದೆ.

ಪಿನಿಯನ್ನಿನದು ಸ್ವಲ್ಪ ಸೂಕ್ಷ್ಮ. 20 ಡಿಗ್ರಿ ಒತ್ತುಕೋನದಲ್ಲಿ 17ಕ್ಕಿಂತ ಕಡಿಮೆ ಹಲ್ಲಿದ್ದರೆ ಹಾಬ್ ಹಲ್ಲಿನ ಬುಡವನ್ನೇ ಕೊರೆಯುತ್ತದೆ. ನಿಮ್ಮದು 18, ಹೇಗೋ ದಾಟಿಕೊಂಡಿದೆ. ಬೇರೆ ಯಂತ್ರದಲ್ಲಿ 13–14 ಹಲ್ಲಿನ ಪಿನಿಯನ್ ಇದ್ದರೆ, ತಯಾರಕರು ಹಾಬನ್ನು ಹೊರಗೆ ಸರಿಸಿ ಹಲ್ಲು ತೆಗೆದಿರುತ್ತಾರೆ, ಹೊರವ್ಯಾಸವೂ ಲೆಕ್ಕಕ್ಕಿಂತ ದೊಡ್ಡದಿರುತ್ತದೆ. ಅದನ್ನು ನೋಡದೆ ಮಾಡ್ಯೂಲ್ ಲೆಕ್ಕ ಹಾಕಿದರೆ ಉತ್ತರ 3.08ರಂಥ ಬೆಸ ಸಂಖ್ಯೆ ಬರುತ್ತದೆ. ಹಾಗೆ ಬಂದಾಗ ಜೋಡಿಯ ದೊಡ್ಡ ಗೇರನ್ನು ಅಳೆದು ಮಾಡ್ಯೂಲ್ ಗೊತ್ತುಮಾಡಿಕೊಳ್ಳಿ. ಒಂದೇ ತುಂಡಿನಲ್ಲಿ ಎರಡು ಗೇರ್ ಒತ್ತೊತ್ತಾಗಿ ಇದ್ದರೆ ಹಾಬ್‌ಗೆ ಹೊರಬರಲು ಜಾಗವಿರುವುದಿಲ್ಲ. ಅದಕ್ಕೂ ಒಳಹಲ್ಲಿನ ಗೇರಿಗೂ ಮೇಲೆ ಕೆಳಗೆ ಆಡಿ ಹಲ್ಲು ಕಡಿಯುವ ಗೇರ್ ಶೇಪರ್ ಯಂತ್ರ ಬೇಕು. ಕೋನಾಕಾರದ ಬೆವೆಲ್ ಗೇರಿಗೆ ಬೇರೆಯೇ ಯಂತ್ರ. ಮಿಲ್ಲಿಂಗ್‌ನಲ್ಲಿ ತೆಗೆದ ಬೆವೆಲ್ ಬರೀ ಅಂದಾಜಿನದು, ಅದನ್ನು ಒಪ್ಪಿಕೊಳ್ಳಬೇಡಿ.

ಈಗ ಉಕ್ಕು. ನಿಮ್ಮದು ಬಹುಶಃ ಎಂ.ಎಸ್. (ಮೈಲ್ಡ್ ಸ್ಟೀಲ್, ಮೆತ್ತನೆಯ ಉಕ್ಕು) ರಾಡಿನಿಂದ ಮಾಡಿದ್ದು. ಅದರಲ್ಲಿ ಇಂಗಾಲ ಕಡಿಮೆ, ಕಾಸಿ ಎಣ್ಣೆಗೆ ಅದ್ದಿದರೂ ಗಟ್ಟಿಯಾಗುವುದಿಲ್ಲ. ಹಲ್ಲಿನ ಪಕ್ಕವನ್ನು ಹೊಸ ಫೈಲಿನ ಮೂಲೆಯಿಂದ ಒಮ್ಮೆ ಉಜ್ಜಿ ನೋಡಿ. ಫೈಲ್ ಕಚ್ಚಿ ಪುಡಿ ಉದುರಿದರೆ ಹದವಿಲ್ಲ. ಕಂಪನಿಯ ಹಳೆ ಗೇರಿನ ಮೇಲೆ ಅದೇ ಫೈಲ್ ಗಾಜಿನ ಮೇಲೆ ಎಂಬಂತೆ ಜಾರಿದರೆ ಅದು ಕೇಸ್ ಹಾರ್ಡನಿಂಗ್, ಅಂದರೆ ಮೈ ಮಾತ್ರ ಗಟ್ಟಿ ಮಾಡುವ ಹದ, ಆದದ್ದು.

ಜೋಡಿಗೆ ಸರಿಯಾದ ಆಯ್ಕೆ 20 ಎಂಎನ್‌ಸಿಆರ್5 ಅಥವಾ ಇಎನ್-353 ಎಂಬ ಉಕ್ಕು. ಇವುಗಳಲ್ಲೂ ಇಂಗಾಲ ಶೇ. 0.2ರ ಆಸುಪಾಸು ಮಾತ್ರ, ಹಾಗಾಗಿ ಗ್ರೈಂಡರ್ ಕಿಡಿ ನೋಡಿ ಇವನ್ನು ಎಂ.ಎಸ್.ನಿಂದ ಬೇರ್ಪಡಿಸುವುದು ಕಷ್ಟ. ಉಕ್ಕಿನ ಅಂಗಡಿಯ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಹಲ್ಲು ಕಡಿದ ಮೇಲೆ ಈ ಗೇರನ್ನು ಇಂಗಾಲದ ಅನಿಲ ತುಂಬಿದ ಕುಲುಮೆಯಲ್ಲಿ 900ರಿಂದ 930 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಇಟ್ಟು ಮೈಗೆ ಇಂಗಾಲ ಕುಡಿಸುತ್ತಾರೆ. ಆಮೇಲೆ 820ರಿಂದ 850ಕ್ಕೆ ಇಳಿಸಿ ಎಣ್ಣೆಗೆ ಅದ್ದುತ್ತಾರೆ, ಕೂಡಲೇ 150ರಿಂದ 180 ಡಿಗ್ರಿಯಲ್ಲಿ ಎರಡು ಗಂಟೆ ಕಾಸಿ ಟೆಂಪರ್ ಮಾಡುತ್ತಾರೆ (ಪೆಡಸು ಇಳಿಸುತ್ತಾರೆ). ಮೈಯ ಗಡಸು 58ರಿಂದ 62 ರಾಕ್‌ವೆಲ್ ಸಿ (ಗಡಸಿನ ಅಳತೆ), ಒಳಗೆ ಮೆತ್ತಗೆ, ಗುದ್ದು ತಾಳುವಂತೆ. ಚಾಲಿ ಸುಲಿಯುವಾಗ ಕಾಯಿ ಸಿಕ್ಕಿಕೊಂಡು ಯಂತ್ರ ಒಮ್ಮೆಲೇ ಕಚ್ಚುವುದು ಉಂಟಲ್ಲ, ಆ ಗುದ್ದು ತಾಳಲು ಒಳಗಿನ ಮೆದುತನ ಬೇಕೇ ಬೇಕು.

ಗಟ್ಟಿ ಪದರ ಎಷ್ಟು ಆಳ ಇರಬೇಕೆಂದು ಹೇಳದೆ ಬಂದರೆ ಕೆಲಸ ಕೆಡುತ್ತದೆ. 3 ಮಾಡ್ಯೂಲ್‌ಗೆ 0.5ರಿಂದ 0.7 ಮಿ.ಮೀ. ಹೇಳಿ. ಹಲ್ಲಿನ ತುದಿಯ ದಪ್ಪ 2 ಮಿ.ಮೀ. ಚಿಲ್ಲರೆ ಮಾತ್ರ, ಎರಡೂ ಕಡೆಯಿಂದ 1 ಮಿ.ಮೀ. ಗಟ್ಟಿಯಾದರೆ ತುದಿ ಪೂರ್ತಿ ಗಾಜಿನ ಗುಣ ಪಡೆದು ಚಕ್ಕೆ ಏಳುತ್ತದೆ. ಎಲ್ಲ ಗೇರುಗಳನ್ನೂ ಒಂದೇ ತೊಟ್ಟಿಗೆ ಹಾಕಿ 1.2 ಮಿ.ಮೀ. ಮಾಡಿಕೊಟ್ಟರೆ ದಪ್ಪ ಶಾಫ್ಟ್‌ಗೆ ಸರಿ, ನಿಮ್ಮ ಗೇರಿಗೆ ಅಪಾಯ.

ಹದ ಹಾಕುವಾಗ ಗೇರ್ ತುಸು ಸೊಟ್ಟಾಗುತ್ತದೆ, ಬೋರ್ ಕುಗ್ಗುತ್ತದೆ. ಅದಕ್ಕೇ ಬೋರನ್ನು 24.75 ಮಿ.ಮೀ.ಗೆ ಬಿಟ್ಟು, ಹದವಾದ ಮೇಲೆ 25.00ರಿಂದ 25.02ರ ನಡುವೆ ಗ್ರೈಂಡ್ ಮಾಡಬೇಕು. ಗ್ರೈಂಡ್ ಮಾಡುವಾಗ ಗೇರನ್ನು ಹೊರವ್ಯಾಸದಲ್ಲಿ ಹಿಡಿಯದೆ ಹಲ್ಲಿನ ಸಂದಿನಲ್ಲಿ ಪಿನ್ ಇಟ್ಟು ಹಿಡಿಯಬೇಕು, ಆಗ ಬೋರ್ ಹಲ್ಲಿನ ವೃತ್ತಕ್ಕೆ ಕೇಂದ್ರವಾಗುತ್ತದೆ. ಕೀವೇ (ಶಾಫ್ಟ್‌ಗೆ ಗೇರನ್ನು ಬಿಗಿಯುವ ಕೀಲಿ ಕೂರುವ ತೋಡು) ಹದಕ್ಕೆ ಮೊದಲೇ ತೆಗೆಯಬೇಕು: 25ರ ಶಾಫ್ಟ್‌ಗೆ 8 ಮಿ.ಮೀ. ಅಗಲ, ಎದುರು ಗೋಡೆಯಿಂದ ಕೀವೇ ತಳಕ್ಕೆ ಕೊನೆಯ ಅಳತೆ 28.3. ಮೂಲೆ ಚೂಪಾಗಿ ಬಿಟ್ಟರೆ ಎಣ್ಣೆಗೆ ಅದ್ದಿದ ಕ್ಷಣ ಅಲ್ಲಿಂದಲೇ ಬಿರುಕು ಹೊರಡುತ್ತದೆ. ಹಲ್ಲಿನ ಪಕ್ಕವನ್ನು ಗ್ರೈಂಡ್ ಮಾಡುವುದು ಕಾರಿನ, ಲೇತಿನ ಗೇರಿಗೆ ಬೇಕಾದದ್ದು. ನಿಮ್ಮ ಯಂತ್ರಕ್ಕೆ ಹಾಬ್ ಮಾಡಿ ಹದ ಹಾಕಿದ್ದು ಧಾರಾಳ.

ಕೇಸ್ ಹಾರ್ಡನಿಂಗ್ ಕುಲುಮೆ ಕೈಗೆಟುಕದಿದ್ದರೆ ಇಎನ್-19 ಉಕ್ಕು ತೆಗೆದುಕೊಂಡು, ಮೊದಲೇ 28ರಿಂದ 32 ರಾಕ್‌ವೆಲ್‌ಗೆ ಹದ ಹಾಕಿಸಿ, ಆಮೇಲೆ ಹಲ್ಲು ಕಡಿಸಿ. ಸೊಟ್ಟಾಗುವ ಭಯವಿಲ್ಲ. ಆಯುಷ್ಯ ಕೇಸ್ ಹಾರ್ಡನ್ ಮಾಡಿದ್ದಕ್ಕಿಂತ ಕಡಿಮೆ, ಎಂ.ಎಸ್.ಗಿಂತ ಬಹಳ ಹೆಚ್ಚು. ಇಎನ್-8 ಗೇರಿನ ಹಲ್ಲನ್ನು ಗ್ಯಾಸ್ ಟಾರ್ಚಿನಲ್ಲಿ ಕೆಂಪಗೆ ಕಾಸಿ ನೀರಿಗೆ ಅದ್ದುವುದನ್ನು ಮಾತ್ರ ಒಪ್ಪಬೇಡಿ. ತುದಿ ಅತಿ ಕಾದು ಬುಡ ಕಾಯದೆ ಉಳಿಯುತ್ತದೆ, ನೀರು ಬಿರುಕು ಹುಟ್ಟಿಸುತ್ತದೆ, ಕಣ್ಣಿಗೆ ಕಾಣದ ಆ ಬಿರುಕಿನಿಂದ ಹಲ್ಲು ಬೇರುಸಹಿತ ಎದ್ದು ಬರುತ್ತದೆ.

ಮುರಿದ ಹಲ್ಲಿಗೆ ವೆಲ್ಡಿಂಗ್ ತುಂಬಿ ಫೈಲ್ ಹಾಕುವುದೂ ಇಂಥ ಸಣ್ಣ, ಹದವಾದ ಗೇರಿಗೆ ಸಲ್ಲದು. ಸುತ್ತಲಿನ ಹದ ಹೋಗಿ ಪಕ್ಕದ ಹಲ್ಲೂ ಕಳಚುತ್ತದೆ. ಆಲೆಮನೆಯ ಕಬ್ಬಿನ ಗಾಣದ ದೊಡ್ಡ ಬೀಡು ಗೇರ್ ಬೇರೆ ಮಾತು. ಅದು ನಿಧಾನ ತಿರುಗುತ್ತದೆ, ಹಲ್ಲು ದಪ್ಪ. ಮುರಿದ ಜಾಗದಲ್ಲಿ ತೋಡು ಕೊರೆದು ಉಕ್ಕಿನ ತುಂಡು ಕೂರಿಸಿ, ಸ್ಕ್ರೂ ಬಿಗಿದು, ಹಲ್ಲಿನ ಆಕಾರಕ್ಕೆ ತಿಕ್ಕಿದರೆ ವರ್ಷಗಟ್ಟಲೆ ನಡೆಯುತ್ತದೆ.

ಅಂಗಡಿಗೆ ಕೊಡುವ ಚೀಟಿಯಲ್ಲಿ ಇಷ್ಟು ಬರೆಯಿರಿ: ನೇರ ಹಲ್ಲು, ಮಾಡ್ಯೂಲ್ 3, ಒತ್ತುಕೋನ 20 ಡಿಗ್ರಿ (8.86 ಬಂದಿದ್ದರೆ), ಹಲ್ಲು 32, ಹೊರವ್ಯಾಸ 102, ಅಗಲ 25, 4 ಹಲ್ಲಿನ ಅಳತೆ 32.24ರಿಂದ 32.28, ಬೋರ್ ಮತ್ತು ಕೀವೇ ಅಳತೆ, ಉಕ್ಕಿನ ಹೆಸರು, ಗಟ್ಟಿ ಪದರ 0.5ರಿಂದ 0.7, ಗಡಸು 58ರಿಂದ 62. ಪಿನಿಯನ್‌ಗೆ ಇದೇ ರೀತಿ ಇನ್ನೊಂದು ಚೀಟಿ. ಪಿನಿಯನ್ ಹೆಚ್ಚು ಸುತ್ತು ತಿರುಗುವುದರಿಂದ ಗಡಸು ಒಂದೆರಡು ಅಂಕ ಅದಕ್ಕೇ ಹೆಚ್ಚಿರಲಿ. ಸೆಟ್ಟಿಂಗ್ ಖರ್ಚು ಒಂದಕ್ಕೂ ಐದಕ್ಕೂ ಒಂದೇ ಆದ್ದರಿಂದ ಅದೇ ಯಂತ್ರವಿರುವ ನೆರೆಯವರು ಸೇರಿ ಮಾಡಿಸಿದರೆ ತಲೆಗೆ ಬೀಳುವ ಹಣ ಕಡಿಮೆಯಾಗುತ್ತದೆ.

ಜೋಡಿಸುವ ಮೊದಲು ಬೇರಿಂಗ್ ನೋಡಿ. ಅದು ಸಡಿಲವಿದ್ದರೆ ಎಂಥ ಗೇರೂ ಉಳಿಯದು. ಪಿನಿಯನ್ ಹಲ್ಲಿಗೆ ತೆಳ್ಳಗೆ ಮಾರ್ಕಿಂಗ್ ಬ್ಲೂ ಸವರಿ ಕೈಯಲ್ಲಿ ತಿರುಗಿಸಿ. ಬಣ್ಣ ದೊಡ್ಡ ಗೇರಿನ ಹಲ್ಲಿನ ಅಗಲದ ಮಧ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಬಿದ್ದರೆ ಸರಿ. ಒಂದೇ ತುದಿಗೆ ಬಿದ್ದರೆ ಶಾಫ್ಟ್‌ಗಳು ಸಮಾಂತರವಿಲ್ಲ, ಬೇರಿಂಗ್ ಕಟ್ಟೆಯ ಕೆಳಗೆ ಶಿಮ್ (ತೆಳು ತಗಡು) ಹಾಕಿ ಸರಿಮಾಡಬೇಕು. ಒಂದು ಗೇರನ್ನು ಹಿಡಿದು ಇನ್ನೊಂದನ್ನು ಅಲುಗಿಸಿದಾಗ 0.1ರಿಂದ 0.2 ಮಿ.ಮೀ. ಆಟ ಇರಬೇಕು. ಆಟವೇ ಇಲ್ಲದಿದ್ದರೆ ಕಾದಾಗ ಕಚ್ಚಿಕೊಳ್ಳುತ್ತದೆ.

ತೆರೆದ ಗೇರಿಗೆ ಗ್ರೀಸ್ ಬಳಿದು ಬಿಟ್ಟರೆ ಅಡಿಕೆ ಸಿಪ್ಪೆಯ ಧೂಳು ಅದಕ್ಕೆ ಅಂಟಿ ಅರೆಯುವ ಹಿಟ್ಟಾಗುತ್ತದೆ. ತಗಡಿನ ಮುಚ್ಚಳ ಮಾಡಿಸಿ, ವಾರಕ್ಕೊಮ್ಮೆ ಹಳೆ ಗ್ರೀಸ್ ಒರೆಸಿ ಹೊಸದು ಹಚ್ಚಿ. ಮುಚ್ಚಿದ ಪೆಟ್ಟಿಗೆಯಾದರೆ 90 ನಂಬರಿನ ಗೇರ್ ಎಣ್ಣೆ ಹಾಕಿ, ಹೊಸ ಜೋಡಿ ಮೊದಲ ಹತ್ತಿಪ್ಪತ್ತು ಗಂಟೆ ಓಡಿದ ಮೇಲೆ ಎಣ್ಣೆ ಬದಲಿಸಿ; ಆಗ ಉದುರುವ ಸಣ್ಣ ಲೋಹದ ಪುಡಿ ಅದರೊಂದಿಗೆ ಹೊರಟುಹೋಗುತ್ತದೆ. ಹಸಿ ಅಡಿಕೆ ಸುಲಿಯುವ ಯಂತ್ರವಾದರೆ ರಸ ತಾಗಿದ ಲೋಹ ಬೇಗ ಕಪ್ಪಾಗಿ ತುಕ್ಕು ಹಿಡಿಯುತ್ತದೆ, ಅದೇ ದಿನ ಒರೆಸಿ. ಕುಮಟಾ, ಹೊನ್ನಾವರದ ಕಡೆ ಉಪ್ಪುಗಾಳಿಗೆ, ಘಟ್ಟದ ಮೇಲೆ ನಾಲ್ಕು ತಿಂಗಳ ಮಳೆಯ ತೇವಕ್ಕೆ, ಒಣಗಿ ನಿಂತ ಹಲ್ಲಿನ ಮೈಯಲ್ಲಿ ತುಕ್ಕಿನ ಗುಳಿ ಬೀಳುತ್ತದೆ. ಮುಂದಿನ ಕೊಯ್ಲಿನಲ್ಲಿ ಆ ಗುಳಿಗಳಿಂದಲೇ ಚಕ್ಕೆ ಏಳಲು ಸುರು. ಸುಗ್ಗಿ ಮುಗಿದ ಕೂಡಲೇ ಹಲ್ಲು ತೊಳೆದು, ದಪ್ಪ ಎಣ್ಣೆ ಹಚ್ಚಿ, ತಿಂಗಳಿಗೊಮ್ಮೆ ಕೈಯಲ್ಲಿ ಕೆಲವು ಸುತ್ತು ತಿರುಗಿಸಿಡಿ.